ಡ್ರೋನ್ ಫೋಟೋ ಸುಳ್ಳು ಹೇಳುತ್ತಾ? ಶ್ರೀರಂಗಪಟ್ಟಣದಿಂದ ಹೊರಟು ದೇಶ ಅಳೆದ ಲ್ಯಾಂಬ್ಟನ್ ಕಥೆ ಓದಿ

ಊರಿನ ಮೇಲೆ ಡ್ರೋನ್ ಹಾರಿದ ಕೆಲವೇ ದಿನಗಳಲ್ಲಿ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬರುತ್ತದೆ. ಮೇಲಿಂದ ತೆಗೆದ ಫೋಟೋ. ಮನೆಗಳ ಚಾವಣಿ, ತೆಂಗಿನ ಮರ, ಹಟ್ಟಿ, ಗೊಬ್ಬರದ ಗುಂಡಿ ಎಲ್ಲವೂ ಸ್ಪಷ್ಟ. ಅದರ ಮೇಲೆ ಯಾರೋ ಕೆಂಪು ಗೆರೆ ಎಳೆದಿರುತ್ತಾರೆ. ಪಕ್ಕದವರು ಎರಡು ಅಡಿ ಒತ್ತುವರಿ ಮಾಡಿದ್ದಾರೆ, ಕ್ಯಾಮೆರಾ ಸುಳ್ಳು ಹೇಳಲ್ಲ ಅಂತ ಕೆಳಗೆ ಒಂದು ಸಾಲು. ಅಷ್ಟು ಸಾಕು, ಅಣ್ಣತಮ್ಮಂದಿರು ಮಾತು ಬಿಡುವುದಕ್ಕೆ.

ಜನ ನಂಬಿರುವುದು: ಡ್ರೋನ್ ಅಥವಾ ವಿಮಾನದಿಂದ ತೆಗೆದ ಡಿಜಿಟಲ್ ಫೋಟೋ ಅಂದರೆ ಅದೇ ನಕ್ಷೆ. ಅದರ ಮೇಲೆ ಸ್ಕೇಲ್ ಇಟ್ಟು ಅಳೆಯಬಹುದು.

ನಿಜ ಏನು: ಫೋಟೋ ಬೇರೆ, ನಕ್ಷೆ ಬೇರೆ. ಕ್ಯಾಮೆರಾ ಕೂಡ ಒಂದು ಅಳತೆಗೋಲು. ಅದನ್ನು ಗೊತ್ತಿರುವ ಅಳತೆಯೊಂದರ ಜೊತೆ ತಾಳೆ ನೋಡಿ, ಎಷ್ಟು ತಪ್ಪುತ್ತದೆ ಎಂದು ಬರೆದಿಟ್ಟ ಮೇಲೆಯೇ ಅದರ ಮಾತಿಗೆ ಬೆಲೆ. ಹೀಗೆ ತಾಳೆ ನೋಡುವ ಕೆಲಸಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ.

ಇದನ್ನು ಅರ್ಥ ಮಾಡಿಕೊಳ್ಳಲು ಕ್ಯಾಮೆರಾ ಹುಟ್ಟುವ ಮೊದಲೇ ತೀರಿಕೊಂಡ ಒಬ್ಬ ವ್ಯಕ್ತಿಯ ಬದುಕನ್ನು ನೋಡೋಣ. ಅವರ ಹೆಸರು ವಿಲಿಯಂ ಲ್ಯಾಂಬ್ಟನ್. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಬಾಬುರಾಯನಕೊಪ್ಪಲು ದಾಟಿ ಕಾವೇರಿ ಸೇತುವೆ ಹತ್ತಿದರೆ ಶ್ರೀರಂಗಪಟ್ಟಣದ ಕೋಟೆ ಕಾಣುತ್ತದಲ್ಲ, ಅವರ ಭಾರತದ ಕಥೆ ತಿರುವು ಪಡೆದದ್ದು ಅದೇ ಕೋಟೆಯ ಎದುರು.

ರೈತರ ಮನೆಯ ಹುಡುಗ, ಒಂದೇ ಕಣ್ಣಿನ ಸರ್ವೆಯರ್

ಲ್ಯಾಂಬ್ಟನ್ ಹುಟ್ಟಿದ್ದು 1750ರ ದಶಕದಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಹಳ್ಳಿಯೊಂದರ ಸಾಧಾರಣ ಕುಟುಂಬದಲ್ಲಿ. ಗಣಿತದಲ್ಲಿ ಜಾಣ. 1781ರಲ್ಲಿ 33ನೇ ಕಾಲ್ದಳ ರೆಜಿಮೆಂಟಿಗೆ ಸೇರಿ ಅಮೆರಿಕದ ಯುದ್ಧಕ್ಕೆ ಹೋದರು. ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನೆ ಶರಣಾದಾಗ ಸೆರೆಸಿಕ್ಕವರಲ್ಲಿ ಅವರೂ ಒಬ್ಬರು. ಬಿಡುಗಡೆಯಾದ ಮೇಲೆ ಈಗಿನ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಣ್ಣ ಹುದ್ದೆಯಲ್ಲಿದ್ದರು. ಕಾಡಿನ ಗಡಿಗಳನ್ನು ಅಳೆಯುವುದು, ರಾತ್ರಿ ಗಣಿತದ ಪುಸ್ತಕ ಓದುವುದು, ಇಷ್ಟೇ ಬದುಕು.

ಅಲ್ಲಿಯೇ ಸೂರ್ಯಗ್ರಹಣವೊಂದನ್ನು ಕಪ್ಪು ಗಾಜಿಲ್ಲದೆ ನೋಡಿ ಅವರು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರು ಎಂದು ಅವರ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಗ್ರಹಣದ ದಿನ ಒಂದು ಕ್ಷಣ ನೋಡಿದರೆ ಏನೂ ಆಗಲ್ಲ ಎಂಬ ಫಾರ್ವರ್ಡ್ ಬಂದಾಗ ಇದನ್ನು ನೆನಪಿಸಿಕೊಳ್ಳಿ. ಉಳಿದ ಒಂದು ಕಣ್ಣಿನಿಂದಲೇ ಅವರು ಮುಂದಿನ ಅಷ್ಟೂ ಕೆಲಸ ಮಾಡಿದ್ದು.

1799: ನಕ್ಷತ್ರ ನೋಡಿ ದಾರಿ ಹೇಳಿದ ರಾತ್ರಿ

1790ರ ದಶಕದ ಕೊನೆಗೆ ಅವರ ರೆಜಿಮೆಂಟ್ ಭಾರತಕ್ಕೆ ಬಂತು. ಅದರ ಮುಖ್ಯಸ್ಥ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವರು. 1799ರ ನಾಲ್ಕನೇ ಮೈಸೂರು ಯುದ್ಧದಲ್ಲಿ ಲ್ಯಾಂಬ್ಟನ್ ಜನರಲ್ ಬೇರ್ಡ್ ಅವರ ತಂಡದಲ್ಲಿದ್ದರು.

ಏಪ್ರಿಲ್ ತಿಂಗಳ ಒಂದು ಕಗ್ಗತ್ತಲ ರಾತ್ರಿ ಬೇರ್ಡ್ ತಂಡ ಶ್ರೀರಂಗಪಟ್ಟಣದ ಹೊರಗಿನ ತೋಪೊಂದನ್ನು ಶೋಧಿಸಿ ಶಿಬಿರಕ್ಕೆ ವಾಪಸಾಗುತ್ತಿತ್ತು. ಲ್ಯಾಂಬ್ಟನ್ ಆಕಾಶ ನೋಡಿದರು. ನಕ್ಷತ್ರಗಳ ಲೆಕ್ಕದಲ್ಲಿ ತಂಡ ದಕ್ಷಿಣಕ್ಕೆ ಹೋಗಬೇಕಿತ್ತು, ಆದರೆ ಉತ್ತರಕ್ಕೆ, ಅಂದರೆ ನೇರವಾಗಿ ಟಿಪ್ಪುವಿನ ಸೇನೆಯ ಕಡೆಗೆ ನಡೆಯುತ್ತಿತ್ತು. ಅವರು ಹೇಳಿದಾಗ ಬೇರ್ಡ್ ಮೊದಲು ನಂಬಲಿಲ್ಲ. ಆಮೇಲೆ ದಿಕ್ಸೂಚಿ ನೋಡಿದಾಗ ಲ್ಯಾಂಬ್ಟನ್ ಹೇಳಿದ್ದೇ ಸರಿ ಎಂದು ತಿಳಿಯಿತು.

ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಈಗ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ದೊಡ್ಡ ಪ್ರದೇಶ ಸಿಕ್ಕಿತು, ಆದರೆ ಅದರ ಸರಿಯಾದ ನಕ್ಷೆ ಅವರ ಬಳಿ ಇರಲಿಲ್ಲ. ನಕ್ಷೆ ಬೇಕಾಗಿದ್ದು ಯಾಕೆ ಎಂಬುದರಲ್ಲಿ ಮುಚ್ಚುಮರೆಯಿಲ್ಲ. ಕಂದಾಯ ವಸೂಲಿ, ಸೈನ್ಯದ ಓಡಾಟ, ಗಡಿ. ಇದು ಗೆದ್ದವರ ಅಗತ್ಯವಾಗಿತ್ತು.

ಮೈಸೂರು ಸೀಮೆಯ ಊರು, ಕೆರೆ, ದಾರಿಗಳ ವಿವರ ಬರೆಯುವ ಕೆಲಸ ಕಾಲಿನ್ ಮೆಕೆಂಜಿ ಅವರಿಗೆ ಸಿಕ್ಕಿತು. ಲ್ಯಾಂಬ್ಟನ್ ಬೇರೆಯದನ್ನೇ ಕೇಳಿದರು. ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ತ್ರಿಕೋನಗಳ ಸರಪಳಿ ಹೆಣೆಯುತ್ತೇನೆ. ಆಗ ಎಲ್ಲ ನಕ್ಷೆಗಳಿಗೂ ಒಂದು ಗಟ್ಟಿ ಅಸ್ಥಿಪಂಜರ ಸಿಗುತ್ತದೆ, ಜೊತೆಗೆ ಭೂಮಿಯ ನಿಜವಾದ ಆಕಾರವೂ ಗೊತ್ತಾಗುತ್ತದೆ ಎಂಬುದು ಅವರ ಯೋಜನೆ. ವೆಲ್ಲೆಸ್ಲಿ ಬೆಂಬಲಿಸಿದರು, ಮದ್ರಾಸ್ ಸರ್ಕಾರ ಒಪ್ಪಿತು.

ಎಲ್ಲರೂ ಒಪ್ಪಲಿಲ್ಲ ಎನ್ನಿ. ಮದ್ರಾಸಿನ ಹಣಕಾಸು ಸಮಿತಿಯ ಸದಸ್ಯರೊಬ್ಬರ ವಾದ ಹೀಗಿತ್ತು: ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವರು ಪಲ್ಲಕ್ಕಿ ಹೊರುವವನಿಗೆ ಹೇಳಿದರೆ ಸಾಕು, ಅವನೇ ಕರೆದುಕೊಂಡು ಹೋಗುತ್ತಾನೆ, ಅದಕ್ಕೆ ಲ್ಯಾಂಬ್ಟನ್ ನಕ್ಷೆ ಯಾಕೆ ಬೇಕು? ಗೂಗಲ್ ಮ್ಯಾಪ್ ಕಾಲದಲ್ಲಿ ನಗು ಬರುತ್ತದೆ. ಆದರೆ ಊರಿಗೆ ದಾರಿ ತೋರಿಸುವುದು ಬೇರೆ, ಎರಡು ಊರುಗಳ ನಡುವಿನ ದೂರವನ್ನು ಅಡಿ ಲೆಕ್ಕದಲ್ಲಿ ಹೇಳುವುದು ಬೇರೆ. ಆ ಸದಸ್ಯರಿಗೆ ಈ ವ್ಯತ್ಯಾಸ ಹೊಳೆದಿರಲಿಲ್ಲ.

ಬಿಸಿಲಿಗೆ ಉದ್ದವಾಗುವ ಸರಪಳಿ

ತ್ರಿಕೋನ ಸರ್ವೆಯ ಲೆಕ್ಕ ಶಾಲೆಯಲ್ಲಿ ಓದಿದ್ದೇ. ಒಂದು ಬದಿಯ ಉದ್ದ ಮತ್ತು ಕೋನಗಳು ಗೊತ್ತಿದ್ದರೆ ಉಳಿದ ಎರಡು ಬದಿಗಳ ಉದ್ದವನ್ನು ಲೆಕ್ಕ ಹಾಕಬಹುದು. ಆ ಬದಿ ಮುಂದಿನ ತ್ರಿಕೋನಕ್ಕೆ ಆಧಾರ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಹೋಗುತ್ತಲೇ ಇರಬಹುದು. ನೆಲದ ಮೇಲೆ ನಿಜವಾಗಿ ಅಳೆಯಬೇಕಾದದ್ದು ಮೊದಲ ಗೆರೆ ಮಾತ್ರ. ಅದೇ ಆಧಾರರೇಖೆ. ಅದರಲ್ಲಿ ತಪ್ಪಾದರೆ ಆ ತಪ್ಪು ಸಾವಿರ ಮೈಲಿವರೆಗೂ ಹಿಂಬಾಲಿಸುತ್ತದೆ.

ಲ್ಯಾಂಬ್ಟನ್ ಮೊದಲ ಆಧಾರರೇಖೆ ಅಳೆದದ್ದು ಬೆಂಗಳೂರಿನ ಬಳಿ, 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಉದ್ದ ಸುಮಾರು 7.4 ಮೈಲಿ, ಅಂದರೆ 12 ಕಿಲೋಮೀಟರ್. ಅಷ್ಟಕ್ಕೆ ಸುಮಾರು ಎರಡು ತಿಂಗಳು! ಯಾಕೆ ಇಷ್ಟು ನಿಧಾನ?

ಅವರ ಅಳತೆಗೋಲು 100 ಅಡಿ ಉದ್ದದ ಉಕ್ಕಿನ ಸರಪಳಿ, ತಲಾ ಎರಡೂವರೆ ಅಡಿಯ 40 ಸರಳುಗಳು. ಉಕ್ಕು ಬಿಸಿಯಾದರೆ ಹಿಗ್ಗುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ 100 ಅಡಿ ಸರಪಳಿ ಹಿಗ್ಗುವುದು ಸುಮಾರು 0.35 ಮಿಲಿಮೀಟರ್. ಏನೂ ಅಲ್ಲ ಅನಿಸುತ್ತದೆ. ಆದರೆ ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ 10 ಡಿಗ್ರಿ ಏರಿತು ಎಂದಿಟ್ಟುಕೊಳ್ಳಿ. ಆಗ ಒಂದು ಸರಪಳಿಗೆ 3.5 ಮಿಲಿಮೀಟರ್. ಏಳೂವರೆ ಮೈಲಿಗೆ ಸರಪಳಿಯನ್ನು ಸುಮಾರು 400 ಸಲ ಹಾಸಬೇಕು. ಒಟ್ಟು ತಪ್ಪು 1.4 ಮೀಟರ್, ಅಂದರೆ ನಾಲ್ಕೂವರೆ ಅಡಿ!

ಅದಕ್ಕೇ ಸರಪಳಿಯನ್ನು ನೆಲದ ಮೇಲೆ ಎಳೆಯದೆ ಮರದ ಪೆಟ್ಟಿಗೆಗಳಲ್ಲಿ ಮಟ್ಟಸವಾಗಿ ಮಲಗಿಸುತ್ತಿದ್ದರು. ಪಕ್ಕದಲ್ಲಿ ಥರ್ಮಾಮೀಟರ್. ಪ್ರತಿ ಸಲ ಉಷ್ಣತೆ ಬರೆದುಕೊಂಡು ಆಮೇಲೆ ಲೆಕ್ಕದಲ್ಲಿ ಸರಿಪಡಿಸುವುದು. ತಮ್ಮ ಸರಪಳಿ ಒಂದು ಡಿಗ್ರಿಗೆ ಎಷ್ಟು ಹಿಗ್ಗುತ್ತದೆ ಎಂದು ಲ್ಯಾಂಬ್ಟನ್ ತಾವೇ ಪ್ರಯೋಗ ಮಾಡಿ ಕಂಡುಕೊಂಡಿದ್ದರು.

1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಹೊಸ ಆಧಾರರೇಖೆ ಅಳೆಯುವಾಗ ಅವರ ಬಳಿ ಎರಡು ಸರಪಳಿಗಳಿದ್ದವು. ಒಂದು ಕೆಲಸಕ್ಕೆ, ಇನ್ನೊಂದು ಪೆಟ್ಟಿಗೆಯಲ್ಲಿ ಭದ್ರವಾಗಿ. ಕೆಲಸದ ಸರಪಳಿಯ ಕೀಲುಗಳು ಸವೆದು ಉದ್ದವಾಗುತ್ತವೆ. ಹಾಗಾಗಿ ಅದನ್ನು ಪೆಟ್ಟಿಗೆಯ ಸರಪಳಿಯ ಜೊತೆ ಇಟ್ಟು ಎಷ್ಟು ಬದಲಾಗಿದೆ ಎಂದು ಹೋಲಿಸುತ್ತಿದ್ದರು. ಸಂತೆಯಲ್ಲಿ ತಕ್ಕಡಿಯ ಬೊಟ್ಟುಗಳ ಮೇಲೆ ಸರ್ಕಾರಿ ಮುದ್ರೆ ಇದೆಯೇ ಎಂದು ನೋಡುತ್ತೇವಲ್ಲ, ಅದೇ ತತ್ವ.

40 ಮೈಲಿ ಕಳೆದುಹೋಯಿತು!

ಕೋನ ಅಳೆಯಲು ಲಂಡನ್‌ನಿಂದ ಬಂದದ್ದು ವಿಲಿಯಂ ಕೇರಿ ಮಾಡಿದ ದೈತ್ಯ ಥಿಯೋಡೊಲೈಟ್. ತೂಕ ಸುಮಾರು ಅರ್ಧ ಟನ್. ಬರುವ ದಾರಿಯಲ್ಲಿ ಅದಿದ್ದ ಹಡಗು ಫ್ರೆಂಚರ ಕೈಗೆ ಸಿಕ್ಕಿತು. ಇದು ವಿಜ್ಞಾನದ ಉಪಕರಣ ಎಂದು ತಿಳಿದ ಮೇಲೆ ಅವರು ಅದನ್ನು ಮಾರಿಷಸ್‌ನಿಂದ ಮದ್ರಾಸಿಗೆ ಕಳಿಸಿಕೊಟ್ಟರು ಎಂಬುದು ಸರ್ವೆ ಇತಿಹಾಸದ ಪ್ರಸಿದ್ಧ ಕಥೆ.

ಅಷ್ಟು ದೊಡ್ಡ ಯಂತ್ರ ಯಾಕೆ ಬೇಕಿತ್ತು? ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಸೆಕೆಂಡ್. ಕೋನದಲ್ಲಿ ಒಂದು ಸೆಕೆಂಡ್ ತಪ್ಪಿದರೆ 40 ಕಿಲೋಮೀಟರ್ ದೂರದ ಬೆಟ್ಟ ಸುಮಾರು 20 ಸೆಂಟಿಮೀಟರ್ ಪಕ್ಕಕ್ಕೆ ಸರಿದಂತೆ. ಅಷ್ಟು ಸಣ್ಣ ಭಾಗಗಳನ್ನು ಓದಬೇಕಾದರೆ ವೃತ್ತ ದೊಡ್ಡದಿರಬೇಕು.

ಈ ಯಂತ್ರವನ್ನು ಹೊತ್ತು ಲ್ಯಾಂಬ್ಟನ್ ತಂಡ ಮದ್ರಾಸಿನಿಂದ ಬೆಂಗಳೂರು, ಮೈಸೂರು ಸೀಮೆ ದಾಟಿ ಮಂಗಳೂರಿನ ಕಡೆ ಸಾಗಿತು. ಕರಾವಳಿಯಿಂದ ಕರಾವಳಿಗೆ ಲೆಕ್ಕ ಮುಗಿದಾಗ ದೊಡ್ಡ ಅಚ್ಚರಿ. ಹಳೆಯ ನಕ್ಷೆಗಳು ಪರ್ಯಾಯ ದ್ವೀಪದ ಅಗಲ ಅಲ್ಲಿ 400 ಮೈಲಿ ಎಂದು ತೋರಿಸುತ್ತಿದ್ದವು. ನಿಜವಾಗಿ ಇದ್ದದ್ದು 360 ಮೈಲಿ. ನೋಡಲು ಚೆಂದವಾಗಿದ್ದ, ದೊಡ್ಡವರ ಹೆಸರಿದ್ದ ನಕ್ಷೆಗಳಲ್ಲಿ 40 ಮೈಲಿ ನೆಲವೇ ಹೆಚ್ಚಿಗೆ ಇತ್ತು!

ತಮ್ಮ ಲೆಕ್ಕವನ್ನಾದರೂ ಅವರು ಸುಮ್ಮನೆ ನಂಬಿದರೇ? ಇಲ್ಲ. 1804ರಲ್ಲಿ ಸಹಾಯಕ ಜಾನ್ ವಾರೆನ್ ಅವರಿಂದ ಬೆಂಗಳೂರಿನ ಬಳಿ ಮತ್ತೆ ಒಂದು ಆಧಾರರೇಖೆ ಅಳೆಸಿದರು. ಮದ್ರಾಸಿನಿಂದ ತ್ರಿಕೋನಗಳ ಮೂಲಕ ಬಂದ ಲೆಕ್ಕ ಒಂದು, ಸರಪಳಿಯಲ್ಲಿ ಅಳೆದ ಉದ್ದ ಇನ್ನೊಂದು. ಏಳು ಮೈಲಿ ಉದ್ದದ ಗೆರೆಯಲ್ಲಿ ಎರಡಕ್ಕೂ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಮುಂದೆ ಗುತ್ತಿಯಲ್ಲಿ 1811ರಲ್ಲಿ, ಬೀದರ್ ಬಳಿ 1815ರಲ್ಲಿ ಹೀಗೆಯೇ ಪರೀಕ್ಷೆಯ ರೇಖೆಗಳನ್ನು ಅಳೆಯಲಾಯಿತು. ಬೆಂಗಳೂರಿನ ದೊಡ್ಡಗುಂಟದಲ್ಲಿ ರಾತ್ರಿಗಳನ್ನು ಕಳೆದು ನಕ್ಷತ್ರಗಳಿಂದ ಅಕ್ಷಾಂಶ ಕಂಡುಕೊಂಡದ್ದೂ ಇದೇ ಕೆಲಸದ ಭಾಗ.

ತಂಜಾವೂರಿನಲ್ಲಿ ಹಗ್ಗ ತುಂಡಾದ ದಿನ

1808ರಲ್ಲಿ ದೊಡ್ಡ ಅನಾಹುತ ನಡೆಯಿತು. ತಂಜಾವೂರಿನ ಸುತ್ತ ಬಯಲು, ಬೆಟ್ಟಗಳಿಲ್ಲ. ಹಾಗಾಗಿ ದೊಡ್ಡ ದೇವಸ್ಥಾನದ ಗೋಪುರದ ಮೇಲಕ್ಕೆ ಥಿಯೋಡೊಲೈಟ್ ಏರಿಸುತ್ತಿದ್ದರು. ಹಗ್ಗ ತುಂಡಾಯಿತು. ಯಂತ್ರ ಗೋಡೆಗೆ ಬಡಿಯಿತು. ಕೋನ ಓದುವ ವೃತ್ತವೇ ಸೊಟ್ಟಗಾಯಿತು.

ಬೇರೆ ಯಂತ್ರ ತರಿಸಬೇಕೆಂದರೆ ಲಂಡನ್‌ನಿಂದ ಹಡಗಿನಲ್ಲಿ ಬರಬೇಕು. ಸ್ವಲ್ಪ ಸೊಟ್ಟ ಅಷ್ಟೇ, ನಡೆಯುತ್ತದೆ ಎಂದು ಮುಂದುವರಿಯಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಲ್ಯಾಂಬ್ಟನ್ ಹಾಗೆ ಮಾಡಲಿಲ್ಲ. ಡೇರೆಯೊಳಗೆ ಸೇರಿಕೊಂಡು, ದೊಡ್ಡ ಹಲಗೆಯ ಮೇಲೆ ಮೂಲ ಅಳತೆಯ ವೃತ್ತ ಬರೆದು, ಬೆಣೆ, ಸ್ಕ್ರೂ, ರಾಟೆ ಬಳಸಿ, ಮರದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಲೋಹವನ್ನು ಮೊದಲಿನ ಆಕಾರಕ್ಕೆ ತಂದರು. ಇದಕ್ಕೆ ಹಿಡಿದದ್ದು ಆರು ವಾರ.

ಈಗ ಡ್ರೋನ್ ವಿಷಯಕ್ಕೆ ಬನ್ನಿ. ಇಳಿಯುವಾಗ ಡ್ರೋನ್ ನೆಲಕ್ಕೆ ಬಡಿದು ಕ್ಯಾಮೆರಾದ ಲೆನ್ಸ್ ಕೂದಲೆಳೆಯಷ್ಟು ಸರಿದಿದೆ ಎಂದುಕೊಳ್ಳಿ. ಫೋಟೋ ಮೊದಲಿನಷ್ಟೇ ಚೆನ್ನಾಗಿ ಬರುತ್ತದೆ. ಅಪಾಯ ಇರುವುದೇ ಅಲ್ಲಿ. ಚೆನ್ನಾಗಿ ಕಾಣುವ ಫೋಟೋಗೂ ಸರಿಯಾಗಿ ಅಳೆಯುವ ಫೋಟೋಗೂ ಸಂಬಂಧವಿಲ್ಲ.

ಕ್ಯಾಮೆರಾದಲ್ಲಿ ಏನನ್ನು ತಾಳೆ ನೋಡುತ್ತಾರೆ?

ಮುಖ್ಯವಾಗಿ ಮೂರು ವಿಷಯ.

1. ಲೆನ್ಸ್‌ಗೂ ಸೆನ್ಸರ್‌ಗೂ ಇರುವ ನಿಜವಾದ ದೂರ. ಕಂಪನಿ ಬರೆದಿರುವ ಸಂಖ್ಯೆ ಅಂದಾಜು. ನೆಲದಲ್ಲಿ ಗುರುತುಗಳಿಲ್ಲದೆ ಒಂದೇ ಫೋಟೋದಿಂದ ಅಳೆದರೆ, ಈ ಸಂಖ್ಯೆಯಲ್ಲಿ ನೂರಕ್ಕೆ ಒಂದರಷ್ಟು ತಪ್ಪಿದ್ದರೂ ಉದ್ದವೂ ನೂರಕ್ಕೆ ಒಂದರಷ್ಟು ತಪ್ಪುತ್ತದೆ. 40 ಅಡಿಯ ಸೈಟಿಗೆ ಅದು ಸುಮಾರು 5 ಇಂಚು. ವಿಸ್ತೀರ್ಣದಲ್ಲಿ ತಪ್ಪು ದುಪ್ಪಟ್ಟು. ಒಂದು ಎಕರೆಗೆ ಸುಮಾರು 870 ಚದರ ಅಡಿ. 30×40 ಸೈಟಿನ ಮುಕ್ಕಾಲು ಭಾಗಕ್ಕೆ ಹತ್ತಿರ!

2. ಫೋಟೋದ ನಿಜವಾದ ನಡುಬಿಂದು. ಲೆನ್ಸ್‌ನ ಅಕ್ಷ ಸೆನ್ಸರ್‌ನ ನಟ್ಟನಡುವೆಯೇ ಬೀಳುವುದಿಲ್ಲ. ಎಷ್ಟು ಸರಿದಿದೆ ಎಂದು ಗೊತ್ತಿರಬೇಕು.

3. ಲೆನ್ಸ್‌ನ ಬಾಗು. ಅಗಲ ಕೋನದ ಲೆನ್ಸ್‌ನಲ್ಲಿ ಬಾಗಿಲ ಚೌಕಟ್ಟನ್ನು ಫೋಟೋದ ಅಂಚಿಗೆ ಇಟ್ಟು ತೆಗೆದರೆ ನೇರ ಗೆರೆ ಬಿಲ್ಲಿನಂತೆ ಬಾಗುತ್ತದೆ. ಹೊಲದ ಬದುವಿಗೂ ಹಾಗೆಯೇ ಆಗುತ್ತದೆ.

ಇವನ್ನು ಕಂಡುಹಿಡಿಯುವ ವಿಧಾನ ಸರಳ. ಜಾಗ ನಿಖರವಾಗಿ ಗೊತ್ತಿರುವ ಹತ್ತಾರು ಗುರುತುಗಳ ಫೋಟೋವನ್ನು ಬೇರೆ ಬೇರೆ ಕೋನದಿಂದ ತೆಗೆಯುತ್ತಾರೆ. ಗುರುತುಗಳು ಎಲ್ಲಿ ಕಾಣಬೇಕಿತ್ತು, ಎಲ್ಲಿ ಕಂಡವು ಎಂದು ಹೋಲಿಸುತ್ತಾರೆ. ಆ ವ್ಯತ್ಯಾಸವೇ ಕ್ಯಾಮೆರಾದ ಜಾತಕ. ಫಿಲ್ಮ್ ಕ್ಯಾಮೆರಾಗಳ ಕಾಲದಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೆಯ ಪ್ರಯೋಗಾಲಯ ಒಂದೊಂದು ಕ್ಯಾಮೆರಾವನ್ನೂ ಪರೀಕ್ಷಿಸಿ ವರದಿ ಕೊಡುತ್ತಿತ್ತು. ಡಿಜಿಟಲ್ ಬಂದ ಮೇಲೆ ಕ್ಯಾಮೆರಾ ಒಂದನ್ನೇ ನೋಡಿದರೆ ಸಾಲದಾಯಿತು. ಕ್ಯಾಮೆರಾ, ಜಿಪಿಎಸ್, ಸಾಫ್ಟ್‌ವೇರ್ ಎಲ್ಲ ಸೇರಿ ಕೊನೆಗೆ ಬರುವ ನಕ್ಷೆಯನ್ನೇ ನೆಲದ ಜೊತೆ ತಾಳೆ ನೋಡುವುದು ಮುಖ್ಯವಾಯಿತು. ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಮಾಡಿದ್ದೂ ಇದನ್ನೇ ಅಲ್ಲವೇ?

ಕ್ಯಾಮೆರಾ ಸರಿಯಿದ್ದರೂ ಇನ್ನೊಂದು ತೊಡಕಿದೆ. ಮೇಲಿಂದ ತೆಗೆದ ಫೋಟೋದಲ್ಲಿ ಎತ್ತರದ ವಸ್ತುಗಳು ಹೊರಕ್ಕೆ ಮಾಲಿದಂತೆ ಕಾಣುತ್ತವೆ. ಮಂಡ್ಯ ಸೀಮೆಯ ತೋಟಗಳ ಫೋಟೋ ನೋಡಿ. ನಿಮ್ಮ ಬದುವಿನ ತೆಂಗಿನ ಮರದ ಗರಿ ಪಕ್ಕದವರ ಗದ್ದೆಯಲ್ಲಿ ಕಾಣಬಹುದು. ಮರ ದಾಟಿಲ್ಲ, ಫೋಟೋ ಹಾಗೆ. ಈ ಮಾಲುವಿಕೆಯನ್ನು ಲೆಕ್ಕ ಹಾಕಿ ತೆಗೆದ ಮೇಲೆಯೇ ಫೋಟೋ ನಕ್ಷೆಯಾಗುತ್ತದೆ.

ಮೌಂಟ್ ಎವರೆಸ್ಟ್ ಅಳೆದದ್ದು ಎವರೆಸ್ಟ್ ಅಲ್ಲ

1818ರ ಜನವರಿ 1ರಿಂದ ಈ ಕೆಲಸಕ್ಕೆ ಗ್ರೇಟ್ ಟ್ರಿಗ್ನಾಮೆಟ್ರಿಕಲ್ ಸರ್ವೆ ಎಂಬ ಹೆಸರು ಬಂತು. ಸಹಾಯಕರಾಗಿ ಸೇರಿದವರು ಜಾರ್ಜ್ ಎವರೆಸ್ಟ್. ಎವರೆಸ್ಟ್ ಶಿಖರವನ್ನು ಅಳೆದದ್ದು ಅವರೇ ಎಂಬ ಫಾರ್ವರ್ಡ್ ನೀವು ನೋಡಿರಬಹುದು. ಅದು ತಪ್ಪು. ಎವರೆಸ್ಟ್ 1843ರಲ್ಲೇ ನಿವೃತ್ತರಾಗಿ ಹೋಗಿದ್ದರು. ಆ ಶಿಖರದ ಎತ್ತರದ ಲೆಕ್ಕ ಸಿದ್ಧವಾದದ್ದು 1852ರ ಹೊತ್ತಿಗೆ, ಅದರಲ್ಲಿ ರಾಧಾನಾಥ ಸಿಕ್ದಾರ್ ಅವರ ಪಾತ್ರ ದೊಡ್ಡದು. ಎವರೆಸ್ಟ್ ಹೆಸರು ಇಟ್ಟದ್ದು 1865ರಲ್ಲಿ. ಆ ಲೆಕ್ಕಕ್ಕೆ ಬುನಾದಿಯಾದ ತ್ರಿಕೋನಗಳ ಸರಪಳಿ ಶುರುವಾದದ್ದು ದಕ್ಷಿಣದಲ್ಲಿ, ಲ್ಯಾಂಬ್ಟನ್ ಕೈಯಲ್ಲಿ.

ಲ್ಯಾಂಬ್ಟನ್ 1817ರಲ್ಲಿ ಲಂಡನ್‌ನ ರಾಯಲ್ ಸೊಸೈಟಿಯ ಫೆಲೋ ಆದರು. ಆದರೂ ಸರ್ವೆ ಬಿಟ್ಟು ಹೋಗಲಿಲ್ಲ. ಸುಮಾರು 1 ಲಕ್ಷ 65 ಸಾವಿರ ಚದರ ಮೈಲಿಯಷ್ಟು ಪ್ರದೇಶವನ್ನು ತ್ರಿಕೋನಗಳಿಂದ ಹೆಣೆದ ಮೇಲೆ, 1823ರ ಜನವರಿಯಲ್ಲಿ, ನಾಗಪುರದ ಕಡೆ ಹೋಗುವ ದಾರಿಯಲ್ಲಿ ಹಿಂಗನಘಾಟ್‌ನಲ್ಲಿ ತೀರಿಕೊಂಡರು. ವಯಸ್ಸು ಸುಮಾರು 70. ಈಗಿನ ಮಹಾರಾಷ್ಟ್ರದ ವಾರ್ಧಾ ಜಿಲ್ಲೆಯ ಆ ಊರಿನಲ್ಲೇ ಅವರ ಸಮಾಧಿ ಇದೆ. ಅವರ ಜೊತೆ ದಶಕಗಳ ಕಾಲ ದುಡಿದ ಜೋಶುವಾ ಡಿ ಪೆನಿಂಗ್ ಅವರಂಥ ಕೆಲವರ ಹೆಸರು ದಾಖಲೆಯಲ್ಲಿ ಉಳಿದಿದೆ. ಅರ್ಧ ಟನ್ ಯಂತ್ರ ಹೊತ್ತು ಬೆಟ್ಟ ಹತ್ತಿದ, ಬಾವುಟ ಹಿಡಿದು ನಿಂತ, ಕಾಡಿನ ಜ್ವರಕ್ಕೆ ಬಲಿಯಾದ ನಮ್ಮ ನೆಲದ ನೂರಾರು ಜನರ ಹೆಸರು ಉಳಿಯಲಿಲ್ಲ.

ಹಾಗಾದರೆ ಡ್ರೋನ್ ಸರ್ವೆ ನಂಬಬೇಡವೇ?

ನಂಬಬಹುದು, ಪರೀಕ್ಷೆಯಾಗಿದ್ದರೆ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣಾ ಆಸ್ತಿಗಳನ್ನು ಡ್ರೋನ್ ಮೂಲಕ ಅಳೆಯಲಾಗುತ್ತಿದೆ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ತಾಂತ್ರಿಕ ಜವಾಬ್ದಾರಿ ಸರ್ವೆ ಆಫ್ ಇಂಡಿಯಾದ್ದು, ಲ್ಯಾಂಬ್ಟನ್ ಕೆಲಸದ ವಾರಸುದಾರ ಸಂಸ್ಥೆ. ಅಲ್ಲಿ ಡ್ರೋನ್ ಹಾರುವ ಮೊದಲು ಊರಿನವರ ಎದುರು ನೆಲದ ಮೇಲೆ ಸುಣ್ಣದಿಂದ ಗಡಿ ಗುರುತು ಹಾಕುತ್ತಾರೆ. ಆ ದಿನ ನೀವು ಸ್ಥಳದಲ್ಲಿರುವುದು, ಸಾವಿರ ಫಾರ್ವರ್ಡ್ ಮಾಡುವುದಕ್ಕಿಂತ ಉಪಯುಕ್ತ. ಗುರುತು ತಪ್ಪಾಗಿ ಬಿದ್ದರೆ ಎಂಥ ಕ್ಯಾಮೆರಾ ಕೂಡ ಆ ತಪ್ಪನ್ನೇ ನಿಖರವಾಗಿ ಅಳೆಯುತ್ತದೆ.

ಫೋಟೋ ಫಾರ್ವರ್ಡ್ ಮಾಡುವ ಮೊದಲು ಕೇಳಿ:

• ಇದು ಬರೀ ಫೋಟೋನೋ, ತಿದ್ದಿ ಸಿದ್ಧಪಡಿಸಿದ ಅಧಿಕೃತ ನಕ್ಷೆಯೋ?

• ಕ್ಯಾಮೆರಾದ ಕ್ಯಾಲಿಬ್ರೇಷನ್ ಯಾವಾಗ ಆಗಿದೆ? ಅದರ ವರದಿ ಇದೆಯೇ?

• ನೆಲದ ಮೇಲೆ ಅಳೆದ ನಿಯಂತ್ರಣ ಬಿಂದುಗಳಿದ್ದವೇ? ಬೇರೆ ಬಿಂದುಗಳಲ್ಲಿ ತಾಳೆ ನೋಡಿದ್ದಾರೆಯೇ?

• ತಪ್ಪಿನ ಪ್ರಮಾಣ ಎಷ್ಟು ಎಂದು ಬರೆದಿದ್ದಾರೆಯೇ? ತಪ್ಪೇ ಇಲ್ಲ ಎನ್ನುವ ಅಳತೆಯನ್ನು ಹೆಚ್ಚು ಅನುಮಾನಿಸಿ.

• ಕೆಂಪು ಗೆರೆ ಎಳೆದವರು ಯಾರು? ಅಧಿಕೃತ ಸರ್ವೆಯರ್ ಅಲ್ಲದಿದ್ದರೆ ಅದು ಬರೀ ಗೆರೆ.

ಗಡಿ ಬಗ್ಗೆ ನಿಜವಾಗಿಯೂ ಅನುಮಾನವಿದ್ದರೆ ತಾಲ್ಲೂಕಿನ ಭೂದಾಖಲೆಗಳ ಕಚೇರಿಗೆ ಹದ್ದುಬಸ್ತಿಗೆ ಅರ್ಜಿ ಕೊಡಿ. ಎರಡೂ ಕಡೆಯವರ ಎದುರು ನೆಲದ ಮೇಲೆ ಅಳತೆಯಾಗಲಿ. ಅಲ್ಲಿಯವರೆಗೆ ಆ ಫೋಟೋವನ್ನು ಮುಂದಕ್ಕೆ ಕಳಿಸಬೇಡಿ, ಪಕ್ಕದ ಮನೆಯವರ ಜೊತೆ ಮಾತೂ ಬಿಡಬೇಡಿ.